ಐವಿ: ನೆಲಕ್ಕೆ ಹಾಸಿದ ಬಳ್ಳಿ, ಮರಕ್ಕೆ ಹತ್ತಿದ ಬಳ್ಳಿ

ಇಂಗ್ಲೆಂಡಿನಲ್ಲಿ ತೋಟ ಮಾಡುವವರನ್ನು ಐವಿ ಬಳ್ಳಿಯ ಬಗ್ಗೆ ಕೇಳಿದರೆ, ಅದನ್ನು ಸುಮ್ಮಸುಮ್ಮನೆ ಕೀಳಬೇಡಿ, ಚಳಿಗಾಲಕ್ಕೆ ಮುಂಚೆ ಜೇನುನೊಣಗಳಿಗೆ ಅದೊಂದೇ ಗತಿ ಎನ್ನುವವರು ಹೆಚ್ಚು. ಜರ್ಮನಿಯ ಸ್ಮಶಾನಗಳಲ್ಲಿ ಸಮಾಧಿಯ ಮೇಲೆ ಅದನ್ನೇ ಒತ್ತಾಗಿ ಬೆಳೆಸಿ, ಅಂಚು ಕತ್ತರಿಸಿ ಚೊಕ್ಕಟವಾಗಿ ಇಟ್ಟಿರುತ್ತಾರೆ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಆರೆಗನ್ ರಾಜ್ಯದಲ್ಲಿ ಇದೇ ಬಳ್ಳಿಯ ಸಸಿ ಮಾರುವುದು ಕಾನೂನಿಗೆ ವಿರುದ್ಧ. ಬೆಂಗಳೂರಿನ ನರ್ಸರಿಗಳಲ್ಲಿ ತೂಗುಕುಂಡದಿಂದ ಇಳಿಬಿದ್ದ, ಬಿಳಿ ಅಂಚಿನ ಪುಟ್ಟ ಎಲೆಯ ಒಳಾಂಗಣ ಗಿಡವೂ ಇದೇ. ನಾಲ್ಕೂ ಕಡೆಯವರು ತಮ್ಮ ತಮ್ಮ ನೆಲದ ಮಟ್ಟಿಗೆ ಸರಿಯಾಗಿಯೇ ಇದ್ದಾರೆ. ಹಾಗಾದರೆ ಹೊಸದಾಗಿ ತೋಟ ಮಾಡಹೊರಟವರು ನೆಲ ಮುಚ್ಚಲು ಐವಿ ಹಾಕಬಹುದೇ, ಬಾರದೇ? ಈ ಪ್ರಶ್ನೆಗೆ ಬರೆಯುವವರೆಲ್ಲ ನೆಲವನ್ನೇ ನೋಡಿ ಉತ್ತರ ಕೊಡುತ್ತಾರೆ. ನನ್ನ ಪ್ರಕಾರ ನೋಡಬೇಕಾದದ್ದು ಪಕ್ಕದಲ್ಲಿರುವ ಮರದ ಕಾಂಡವನ್ನು.

ಮೊದಲು ಗಿಡದ ಗುರುತು. ಲಿನೇಯಸ್ 1753ರಲ್ಲಿ ಇದಕ್ಕೆ ಹೆಡೆರಾ ಹೀಲಿಕ್ಸ್ ಎಂದು ಹೆಸರಿಟ್ಟ. ಯುರೋಪ್ ಮತ್ತು ಪಶ್ಚಿಮ ಏಷ್ಯಾ ಇದರ ತವರು. ನಮ್ಮ ಮನೆಗಳ ಕುಂಡಗಳಲ್ಲಿ ಕಾಣುವ ಶೆಫ್ಲೆರಾ ಇದರ ಕುಟುಂಬದ್ದೇ. ಹೆಡೆರಾ ಕುಲದಲ್ಲಿ ಹತ್ತು ಹದಿನೈದು ಪ್ರಭೇದಗಳಿದ್ದು, ಅವುಗಳಲ್ಲಿ ಒಂದು ನಮ್ಮ ಹಿಮಾಲಯದ್ದು: ಹೆಡೆರಾ ನೇಪಾಲೆನ್ಸಿಸ್. ಅಮೆರಿಕದ ಹಳೆಯ ಕಾಲೇಜುಗಳ ಗೋಡೆಯ ಮೇಲೆ ಶರತ್ಕಾಲದಲ್ಲಿ ಕೆಂಪಾಗಿ ಹೊಳೆಯುವುದು ಮಾತ್ರ ಐವಿ ಅಲ್ಲ, ಪೂರ್ವ ಏಷ್ಯಾದಿಂದ ಬಂದ ದ್ರಾಕ್ಷಿ ಕುಟುಂಬದ 'ಬಾಸ್ಟನ್ ಐವಿ'. ಅದು ಎಲೆ ಉದುರಿಸುತ್ತದೆ. ನಿಜವಾದ ಐವಿ ನಿತ್ಯಹಸಿರು, ಹಿಮದ ಕೆಳಗೂ ಹಸಿರು.

ಈ ನಿತ್ಯಹಸಿರಿನಿಂದಲೇ ಅದಕ್ಕೆ ಗ್ರೌಂಡ್ ಕವರ್ ಎಂಬ ಕೆಲಸ ಸಿಕ್ಕಿತು. ಶೀತ ದೇಶಗಳಲ್ಲಿ ದೊಡ್ಡ ಮೇಪಲ್ ಅಥವಾ ಬೀಚ್ ಮರದ ಕೆಳಗೆ ಹುಲ್ಲುಹಾಸು ಮಾಡಲು ಹೋದವರಿಗೆ ಆ ಜಾಗದ ಕಷ್ಟ ಗೊತ್ತು. ಬಿಸಿಲು ಇಳಿಯುವುದಿಲ್ಲ, ಬಂದ ಮಳೆಯ ನೀರನ್ನು ಮರದ ಬೇರುಗಳೇ ಹೀರುತ್ತವೆ, ಉದುರಿದ ಎಲೆ ದಪ್ಪಗೆ ಬಿದ್ದು ಹುಲ್ಲು ಕೊಳೆಯುತ್ತದೆ. ಐವಿಗೆ ಇದ್ಯಾವುದೂ ಅಡ್ಡಿಯಲ್ಲ. ಮಬ್ಬು ಬೆಳಕಿನಲ್ಲೂ ಅದರ ಎಲೆ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ, ಒಮ್ಮೆ ಬೇರೂರಿದ ಮೇಲೆ ಬರವನ್ನೂ ತಾಳುತ್ತದೆ. ಸುಣ್ಣದ ಮಣ್ಣಾದರೂ ಸರಿ, ಜೇಡಿಯಾದರೂ ಸರಿ. ವಾರವಾರ ಮೆಷಿನ್ ಹಿಡಿದು ಹುಲ್ಲು ಕತ್ತರಿಸುವ ಕೆಲಸವಿಲ್ಲ. ಉದುರಿದ ಎಲೆ ಹಂಬುಗಳ ಸಂದಿಗೆ ಇಳಿದು ಅಲ್ಲೇ ಗೊಬ್ಬರವಾಗುತ್ತದೆ. ಇಷ್ಟು ಗುಣ ಒಟ್ಟಿಗೆ ಇರುವ ಗಿಡ ಅಲ್ಲಿನ ತೋಟಗಾರರಿಗೆ ಎಷ್ಟು ಪ್ರಿಯವಾಗಿರಬೇಕೆಂದು ಊಹಿಸಬಹುದು.

ನೆಡುವುದೂ ಸುಲಭ. ಎರಡು ಮೂರು ಗೆಣ್ಣಿನ ತುಂಡನ್ನು ನೀರಿನಲ್ಲಿಟ್ಟರೂ ಬೇರು ಬಿಡುತ್ತದೆ. ಒಂದು ಒಂದೂವರೆ ಅಡಿಗೊಂದರಂತೆ ನೆಟ್ಟು, ನಡುವೆ ತರಗೆಲೆ ಅಥವಾ ಮರದ ಚಕ್ಕೆ ಹಾಸಿ, ಮೊದಲ ಬೇಸಿಗೆಗೆ ನೀರುಣಿಸಿದರೆ ಆಯಿತು. ಮೊದಲ ವರ್ಷ ಗಿಡ ನಿಂತಲ್ಲೇ ನಿಂತಿದೆಯೇನೋ ಅನ್ನಿಸುತ್ತದೆ, ಏಕೆಂದರೆ ಆಗ ಅದು ಬೇರು ಕಟ್ಟಿಕೊಳ್ಳುತ್ತಿರುತ್ತದೆ. ಎರಡನೆಯ ವರ್ಷ ಹಂಬು ಚಾಚುತ್ತದೆ, ಮೂರನೆಯ ವರ್ಷದಿಂದ ಓಟ. ಆಮೇಲೆ ವರ್ಷಕ್ಕೆ ಎರಡು ಮೂರು ಬಾರಿ ಅಂಚು ಕತ್ತರಿಸಲೇಬೇಕು. ಕೆಲವು ವರ್ಷಕ್ಕೊಮ್ಮೆ ವಸಂತದ ಮೊದಲು ಇಡೀ ಹಾಸನ್ನು ಎತ್ತರಕ್ಕಿಟ್ಟ ಬ್ಲೇಡಿನಿಂದ ಸವರಿದರೆ ಹೊಸ ಚಿಗುರು ಒತ್ತಾಗಿ ಬರುತ್ತದೆ. ನರ್ಸರಿಯವರು ಹೇಳುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಗಿಡದ ಕಥೆ ಮುಗಿಯುವುದಿಲ್ಲ.

ಐವಿಗೆ ಎರಡು ವಯಸ್ಸುಗಳಿವೆ, ಎರಡರಲ್ಲೂ ಅದು ಬೇರೆ ಬೇರೆ ಗಿಡದಂತೆ ಕಾಣುತ್ತದೆ. ಎಳೆಯ ಹಂತದಲ್ಲಿ ಮೂರರಿಂದ ಐದು ಮೂಲೆಗಳ ಎಲೆ, ಗೆಣ್ಣುಗೆಣ್ಣಿಗೂ ಕುಚ್ಚಿನಂಥ ಬೇರು, ನೆಲ ಹಿಡಿದು ಹರಿಯುವ ಸ್ವಭಾವ. ಈ ಹಂತದಲ್ಲಿ ಅದು ಹೂ ಬಿಡುವುದೇ ಇಲ್ಲ. ಮರವೋ ಗೋಡೆಯೋ ಸಿಕ್ಕಿ ಮೇಲೇರಿ, ಬೆಳಕು ಮುಟ್ಟಿ, ಸುಮಾರು ಹತ್ತು ವರ್ಷ ಕಳೆದ ಮೇಲೆ ಚಹರೆ ಬದಲಾಗುತ್ತದೆ. ಎಲೆಯ ಮೂಲೆಗಳು ಮಾಯವಾಗಿ ಮೊಟ್ಟೆಯಾಕಾರ ಬರುತ್ತದೆ, ಬೇರುಕುಚ್ಚು ನಿಲ್ಲುತ್ತದೆ, ಕೊಂಬೆಗಳು ಗಟ್ಟಿಯಾಗಿ ಹೊರಚಾಚುತ್ತವೆ. ಆಗ ಹಸಿರು ಹಳದಿ ಹೂಗೊಂಚಲು, ನಂತರ ಕಪ್ಪು ಹಣ್ಣು. ಮಲೆನಾಡಿನ ಅಡಿಕೆ ತೋಟದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಕಾಳುಮೆಣಸಿನ ಬುಡದಿಂದ ನೆಲದ ಮೇಲೆ ಹರಿಯುವ ಹಂಬು ಎಷ್ಟು ದೂರ ಹೋದರೂ ಕಾಳು ಕಟ್ಟುವುದಿಲ್ಲ. ಮರ ಹತ್ತಿದ ಬಳ್ಳಿಯ ಅಡ್ಡರೆಂಬೆಗಳಲ್ಲೇ ಫಸಲು. ಆ ಅಡ್ಡರೆಂಬೆಯನ್ನು ಕತ್ತರಿಸಿ ನೆಟ್ಟರೆ ಅದು ಹತ್ತುವುದನ್ನು ಮರೆತು ಪೊದೆಮೆಣಸಾಗಿ ಕುಂಡದಲ್ಲೇ ಕಾಯಿ ಬಿಡುತ್ತದೆ. ಐವಿಯದೂ ಹೀಗೆಯೇ: ಹೂ ಬಿಡುವ ಕೊಂಬೆಯ ತುಂಡು ನೆಟ್ಟರೆ ಬಳ್ಳಿಯ ಬದಲು ಪೊದೆ ಬೆಳೆಯುತ್ತದೆ.

ಐವಿಯ ಕುರಿತ ಹೊಗಳಿಕೆ, ದೂರು ಎಲ್ಲದರ ಬೀಗದ ಕೈ ಇಲ್ಲಿದೆ. ನೆಲದ ಮೇಲಷ್ಟೇ ಇರುವ ಐವಿ ಬೀಜ ಮಾಡಲಾರದು. ಅದು ಅಂಚು ದಾಟಿ ಹರಿಯಬಹುದು, ಆದರೆ ಹಕ್ಕಿಯ ಹೊಟ್ಟೆ ಸೇರಿ ಮೈಲಿಗಟ್ಟಲೆ ದೂರ ಹೋಗುವುದಿಲ್ಲ. ಹತ್ತಿದ ಐವಿ ಹೋಗುತ್ತದೆ. ನೆಲ ಮುಚ್ಚಲೆಂದು ನೆಟ್ಟ ಬಳ್ಳಿ ಎಷ್ಟು ವರ್ಷ ನೆಲದಲ್ಲೇ ಇರುತ್ತದೆ ಎಂದು ನೆಟ್ಟವರು ಕೇಳಿಕೊಳ್ಳುವುದು ಅಪರೂಪ. ಮರದ ನೆರಳಿಗೆಂದೇ ತಂದ ಗಿಡವಲ್ಲವೇ ಅದು? ಹತ್ತಲು ಮರ ಅಲ್ಲೇ ಪಕ್ಕದಲ್ಲಿ ಇದ್ದೇ ಇರುತ್ತದೆ.

ತವರಿನಲ್ಲಿ ಹತ್ತಿದ ಐವಿಯೇ ಅಮೂಲ್ಯ. ಬ್ರಿಟನ್ನಿನಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಬೇರೆ ಹೂಗಳೆಲ್ಲ ಮುಗಿದ ಹೊತ್ತಿಗೆ, ಇದರ ಹೂ ಅರಳುತ್ತದೆ. ಬಿಸಿಲಿರುವ ಮಧ್ಯಾಹ್ನ ಹೂಬಿಟ್ಟ ಐವಿಯ ಹತ್ತಿರ ನಿಂತರೆ ಜೇನು, ಕಣಜ, ನೊಣ, ಚಿಟ್ಟೆಗಳೆಲ್ಲ ಕೂಡಿದ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ಮುಖ್ಯವಾಗಿ ಇದರ ಪರಾಗವನ್ನೇ ನಂಬಿ ಬದುಕುವ ಒಂಟಿ ಜೇನೊಂದಿದೆ, ಕೊಲೀಟೀಸ್ ಹೆಡೆರೇ. ಅದು ಬೇರೆಯದೇ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದೇ 1993ರಲ್ಲಿ. ಬ್ರಿಟನ್ನಿನಲ್ಲಿ ಅದು ಮೊದಲು ಕಂಡದ್ದು 2001ರಲ್ಲಿ. ಹಾಲಿ ಬ್ಲೂ ಎಂಬ ನೀಲಿ ಚಿಟ್ಟೆಯ ಬೇಸಿಗೆಯ ಮರಿಹುಳುಗಳಿಗೆ ಐವಿಯ ಮೊಗ್ಗೇ ಮೇವು. ಚಳಿಗಾಲದ ಕೊನೆಗೆ, ಹಕ್ಕಿಗಳಿಗೆ ಬೇರೇನೂ ಸಿಗದ ದಿನಗಳಲ್ಲಿ, ಇದರ ಹಣ್ಣು ಮಾಗುತ್ತದೆ.

ಐವಿ ಮರವನ್ನು ಹೀರಿ ಕೊಲ್ಲುತ್ತದೆ ಎಂಬ ನಂಬಿಕೆ ಅಲ್ಲೂ ಹಳೆಯದು, ಆದರೆ ತಪ್ಪು. ಕಾಂಡಕ್ಕೆ ಅಂಟಿದ ಬೇರುಕುಚ್ಚು ಹಿಡಿತಕ್ಕೆ ಮಾತ್ರ, ನೀರು ಗೊಬ್ಬರವೆಲ್ಲ ಅದರ ಸ್ವಂತ ಬುಡದಿಂದಲೇ. ಈ ಕುಚ್ಚು ಅಂಟುದ್ರವ ಒಸರುವುದನ್ನು ಬಳ್ಳಿಗಳ ಕುರಿತ ತನ್ನ ಪುಸ್ತಕದಲ್ಲಿ ಡಾರ್ವಿನ್ ದಾಖಲಿಸಿದ್ದ. ಆ ಅಂಟಿನಲ್ಲಿ ಅತಿಸೂಕ್ಷ್ಮ ಗೋಳಾಕಾರದ ಪ್ರೋಟೀನು ಕಣಗಳಿವೆ ಎಂದು 2016ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹಳೆಯ ಗೋಡೆಗಳ ಬಗ್ಗೆಯೂ ಭಯವಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೆದರ್ ವೈಲ್ಸ್ ಅವರ ತಂಡ 'ಇಂಗ್ಲಿಷ್ ಹೆರಿಟೇಜ್' ಸಂಸ್ಥೆಗಾಗಿ ಅಧ್ಯಯನ ಮಾಡಿ, ಗಟ್ಟಿಯಾಗಿರುವ ಗೋಡೆಗೆ ಐವಿ ಹೊದಿಕೆ ಶಾಖ, ಹಿಮ, ಹೊಗೆಮಸಿಗಳಿಂದ ರಕ್ಷಣೆ ಕೊಡುತ್ತದೆಂದು ಕಂಡುಕೊಂಡಿತು. ಮೊದಲೇ ಬಿರುಕು ಬಿಟ್ಟ ಗೋಡೆಯೊಳಗೆ ಬೇರು ಇಳಿದರೆ ಮಾತ್ರ ಅಪಾಯ.

ಹೀಗೆ ತವರಿನಲ್ಲಿ ಮಾನ ಪಡೆದ ಬಳ್ಳಿ ಹಡಗು ಹತ್ತಿದ್ದು ಸಹಜ. ಉತ್ತರ ಅಮೆರಿಕಕ್ಕೆ ಅದನ್ನು ಒಯ್ದವರು ವಸಾಹತು ಕಾಲದ ವಲಸಿಗರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಂತೂ ಐವಿಯ ಹುಚ್ಚೇ ಹಬ್ಬಿತ್ತು. ಶರ್ಲಿ ಹಿಬರ್ಡ್ ಎಂಬ ತೋಟಗಾರಿಕೆಯ ಲೇಖಕ 1872ರಲ್ಲಿ ಇದೊಂದೇ ಗಿಡದ ಮೇಲೆ ಇಡೀ ಪುಸ್ತಕ ಬರೆದ. ಅಮೆರಿಕದ ಕಠಿಣ ಚಳಿಗೆ ಒಗ್ಗುವ ತಳಿಗಳ ಹುಡುಕಾಟ ಇಪ್ಪತ್ತನೆಯ ಶತಮಾನದ ಕೆಲಸ. ಸಸ್ಯವಿಜ್ಞಾನಿ ಆಲ್ಫ್ರೆಡ್ ರೇಡರ್ 1907ರಲ್ಲಿ ಲಾಟ್ವಿಯಾದ ರೀಗಾ ಬಳಿಯಿಂದ ತಂದ 'ಬಾಲ್ಟಿಕಾ' ತಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯಿತು. 1920ರ ದಶಕದಲ್ಲಿ 'ಪಿಟ್ಸ್‌ಬರ್ಗ್' ಬಂತು. ತುದಿ ಚಿವುಟದೆಯೇ ತಾನಾಗಿ ಕವಲೊಡೆಯುವ ಗುಣ ಅದರದು. ನೆಲ ಬೇಗ ಮುಚ್ಚಬೇಕೆನ್ನುವವರಿಗೆ ಇದಕ್ಕಿಂತ ಬೇರೇನು ಬೇಕು? ಉಪನಗರಗಳ ಮನೆಯಂಗಳ, ಶಾಲೆಯ ಇಳಿಜಾರು, ಕ್ಯಾಲಿಫೋರ್ನಿಯಾದ ಹೆದ್ದಾರಿಯ ದಿಬ್ಬ, ಎಲ್ಲ ಕಡೆ ಐವಿ ಹಾಸಿದರು. ಹೆದ್ದಾರಿಗೆ ಹಾಕಿದ್ದು ಹೆಚ್ಚಾಗಿ ದೊಡ್ಡ ಎಲೆಯ ಅಲ್ಜೀರಿಯನ್ ಐವಿ.

ಎಡವಟ್ಟಾದದ್ದು ಪೆಸಿಫಿಕ್ ಕರಾವಳಿಯ ಉತ್ತರ ಭಾಗದಲ್ಲಿ. ಸಿಯಾಟಲ್, ಪೋರ್ಟ್‌ಲೆಂಡ್ ಸುತ್ತಲಿನ ಹವೆ ಪಶ್ಚಿಮ ಯುರೋಪಿನದರಂತೆಯೇ: ಸೌಮ್ಯ ಚಳಿಗಾಲ, ತಿಂಗಳುಗಟ್ಟಲೆ ಜಿಟಿಜಿಟಿ ಮಳೆ. ಡಗ್ಲಾಸ್ ಫರ್, ಸೀಡರ್ ಮರಗಳ ಕಾಡು ಮನೆಯ ಹಿತ್ತಲಿಗೇ ಬಂದು ನಿಲ್ಲುತ್ತದೆ. ಆ ಕಾಡಿನ ನೆಲದಲ್ಲಿ ಇಷ್ಟು ದಟ್ಟ ನಿತ್ಯಹಸಿರು ಹಾಸನ್ನು ಎದುರಿಸಿ ಬದುಕಿದ ಗಿಡಗಳಿರಲಿಲ್ಲ. ಐವಿ ಹೊಕ್ಕ ಕಡೆ ಜರೀಗಿಡಗಳೂ ಕಾಡುಹೂಗಳೂ ಮರದ ಮರಿಸಸಿಗಳೂ ಬೆಳಕಿಲ್ಲದೆ ಮಾಯವಾದವು. ಮಣ್ಣು ಕಾಣದ ಹಾಗೆ ಒಂದೇ ಗಿಡ ಹಾಸಿದ ಆ ಜಾಗಗಳನ್ನು ಅಲ್ಲಿನವರು ಐವಿಯ ಮರುಭೂಮಿ ಎನ್ನುತ್ತಾರೆ. ಮರ ಹತ್ತಿದ ಬಳ್ಳಿ ಮರವನ್ನು ಹೀರದಿದ್ದರೂ ನೆತ್ತಿಯವರೆಗೆ ಕವಿದು ಬೆಳಕು ಕದಿಯುತ್ತದೆ. ಚಳಿಗಾಲದ ಬಿರುಗಾಳಿಗೆ ಅದರ ಭಾರ, ಅದರ ನಿತ್ಯಹಸಿರು ಎಲೆಯ ತಡೆ ಎರಡೂ ಸೇರಿ ಮರ ಉರುಳುವ ಸಾಧ್ಯತೆ ಹೆಚ್ಚುತ್ತದೆ. ಹಣ್ಣನ್ನು ರಾಬಿನ್, ಸ್ಟಾರ್ಲಿಂಗ್, ವ್ಯಾಕ್ಸ್‌ವಿಂಗ್ ಹಕ್ಕಿಗಳು ತಿಂದು ಇನ್ನೊಂದು ಕಣಿವೆಯಲ್ಲಿ ಬೀಜ ಹಾಕುತ್ತವೆ.

ಪೋರ್ಟ್‌ಲೆಂಡ್ ನಗರದೊಳಗೆ 5,000 ಎಕರೆಗೂ ಹೆಚ್ಚು ವಿಸ್ತಾರದ ಫಾರೆಸ್ಟ್ ಪಾರ್ಕ್ ಇದೆ. ಅಲ್ಲಿ 1994ರಲ್ಲಿ 'ನೋ ಐವಿ ಲೀಗ್' ಎಂಬ ಸ್ವಯಂಸೇವಕರ ಕಾರ್ಯಕ್ರಮ ಹುಟ್ಟಿತು. ವಾರಾಂತ್ಯದಲ್ಲಿ ಕೈಗವಸು ಹಾಕಿಕೊಂಡು ಬಂದು ಐವಿ ಕೀಳುವವರ ಗುಂಪು ಅದು. ಮುಂದೆ 2010ರಲ್ಲಿ ಆರೆಗನ್ ರಾಜ್ಯ ಐವಿಯ ಮಾರಾಟವನ್ನೇ ನಿಷೇಧಿಸಿತು. ನೆರೆಯ ವಾಷಿಂಗ್ಟನ್ ರಾಜ್ಯ ಇನ್ನೊಂದು ದಾರಿ ಹಿಡಿದು, ಕಾಡಿಗೆ ನುಗ್ಗಿರುವುದು ಖಚಿತವಾಗಿದ್ದ 'ಬಾಲ್ಟಿಕಾ', 'ಪಿಟ್ಸ್‌ಬರ್ಗ್', 'ಸ್ಟಾರ್', 'ಹೈಬರ್ನಿಕಾ' ಎಂಬ ನಾಲ್ಕು ತಳಿಗಳನ್ನು ಮಾತ್ರ ಉಪದ್ರವಿ ಕಳೆಗಳ ಪಟ್ಟಿಗೆ ಸೇರಿಸಿತು.

ಈ ಎರಡನೆಯ ದಾರಿಯ ಹಿಂದೆ ಒಂದು ಒಳ್ಳೆಯ ವಾದವಿದೆ. ಐವಿಗೆ ಹೆಸರುಳ್ಳ ತಳಿಗಳೇ ನೂರಾರು. ಎಲ್ಲವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹಕ್ಕಿಯ ಹೆಜ್ಜೆಯಂಥ ಎಲೆಯವು, ಗುಂಗುರು ಅಂಚಿನವು, ಬಿಳಿ ಹಳದಿ ಮಚ್ಚೆಯವು ನಿಧಾನವಾಗಿ ಬೆಳೆಯುತ್ತವೆ. 1973ರಲ್ಲಿ ಹುಟ್ಟಿದ 'ಅಮೆರಿಕನ್ ಐವಿ ಸೊಸೈಟಿ'ಯ ಜನ ಇಂಥ ತಳಿಗಳನ್ನು ಕೂಡಿಹಾಕಿ, ಗುರುತು ಹಚ್ಚಿ, ಪ್ರೀತಿಯಿಂದ ಬೆಳೆಸುತ್ತಾರೆ. ಅಪರಾಧ ಮಾಡಿದ್ದು ಕೆಲವು, ಶಿಕ್ಷೆ ಎಲ್ಲಕ್ಕೂ ಏಕೆ ಎಂಬ ಅವರ ಪ್ರಶ್ನೆಗೆ ವಿಜ್ಞಾನದ ಬೆಂಬಲವೂ ಸ್ವಲ್ಪ ಸಿಕ್ಕಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಾರಾ ರೈಖಾರ್ಡ್ ಮತ್ತು ಸಂಗಡಿಗರು ಆ ಪ್ರದೇಶದಲ್ಲಿ ಕಾಡುಬಿದ್ದ ಐವಿಯ ಡಿಎನ್‌ಎ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಶೇ. 83ರಷ್ಟು ಮಾದರಿಗಳು ಇಂಗ್ಲಿಷ್ ಐವಿಯೇ, ಅಂದರೆ ಹೆಡೆರಾ ಹೀಲಿಕ್ಸೇ, ಆಗಿರಲಿಲ್ಲ. ಅವು ಅದರ ಸೋದರಿ, ಐರ್ಲೆಂಡ್ ಮತ್ತು ಯುರೋಪಿನ ಅಟ್ಲಾಂಟಿಕ್ ಅಂಚಿನ ಹೆಡೆರಾ ಹೈಬರ್ನಿಕಾ. ಇಂಗ್ಲಿಷ್ ಐವಿಯಲ್ಲಿ 48 ವರ್ಣತಂತುಗಳಾದರೆ ಇದರಲ್ಲಿ 96. ಎಲೆ ದೊಡ್ಡದು, ಓಟ ಜೋರು. ನೆಲ ಮುಚ್ಚಲು ಇದಕ್ಕಿಂತ ಒಳ್ಳೆಯದಿಲ್ಲ ಎಂದು ನರ್ಸರಿಗಳು ದಶಕಗಟ್ಟಲೆ ಹೊಗಳಿದ್ದೂ ಇದನ್ನೇ.

ಆದರೂ ಆ ಕರಾವಳಿಯ ಮಟ್ಟಿಗೆ ನಾನು ಆರೆಗನ್ನಿನ ಪಕ್ಷ. ಮಚ್ಚೆಯ ತಳಿ ಎಂದು ನೆಟ್ಟ ಬಳ್ಳಿಯಲ್ಲಿ ಪೂರ್ಣ ಹಸಿರಿನ ಚಿಗುರು ಮರಳಿ ಬರುವುದುಂಟು. ಆ ಚಿಗುರು ಮಿಕ್ಕದ್ದನ್ನು ಹಿಂದೆ ಹಾಕಿ ಓಡುತ್ತದೆ. ಅಂಗಡಿಯ ಚೀಟಿಯಲ್ಲಿ ಬರೆದ ತಳಿಯ ಹೆಸರನ್ನು ಪೂರ್ತಿ ನಂಬಲೂ ಆಗದು. ಮನೆ ಮಾರಿ ಹೋದ ಮೇಲೆ ಹೊಸ ಮಾಲೀಕರು ಅಂಚು ಕತ್ತರಿಸುತ್ತಾರೆಂಬ ಭರವಸೆ ಯಾರಿಗಿದೆ? ಅಮೆರಿಕದ ಚಳಿ ಹೆಚ್ಚಿರುವ ಉತ್ತರದ ಒಳನಾಡಿನ ಮಾತು ಬೇರೆ. ಅಲ್ಲಿ ಮೇಲೇರಿದ ಬಳ್ಳಿಯನ್ನು ಚಳಿಗಾಲವೇ ಸುಟ್ಟು ಕೆಳಗಿಳಿಸುತ್ತದೆ. ಸುತ್ತ ಕಾಂಕ್ರೀಟು, ಮರವಿಲ್ಲದ ನಗರದ ಅಂಗಳದಲ್ಲಿ ಐವಿ ಇದ್ದರೆ ಕಾಡಿಗೇನೂ ಆಗದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ತಂಪು ಭಾಗಗಳಲ್ಲಿ ಮಾತ್ರ ಆರೆಗನ್ನಿನದೇ ಕಥೆ.

ಇಳಿಜಾರಿನ ಮಣ್ಣನ್ನು ಐವಿ ಹಿಡಿದಿಡುತ್ತದೆ ಎಂಬ ಮಾತನ್ನೂ ಪರೀಕ್ಷಿಸಬೇಕು. ಮಳೆಹನಿಯ ಹೊಡೆತವನ್ನು ಎಲೆಹಾಸು ತಡೆಯುವುದು ನಿಜ. ಆದರೆ ಬೇರು ಮೇಲುಮೇಲಿನದು, ಆಳಕ್ಕೆ ಇಳಿದು ಮಣ್ಣು ಕಟ್ಟುವುದಿಲ್ಲ. ಆಳ ಬೇರಿನ ಪೊದೆ, ಮರಗಳ ಮರಿಗಳು ಐವಿಯ ಕೆಳಗೆ ಏಳುವುದೂ ಇಲ್ಲ. ಕಡಿದಾದ ದಿಬ್ಬದಲ್ಲಿ ಹಸಿರು ಹೊದಿಕೆಯ ಅಡಿಯಲ್ಲೇ ಮಣ್ಣು ಸರಿಯುತ್ತಿದ್ದರೂ ಕಾಣಿಸದು. ಇನ್ನುಳಿದ ದೂರುಗಳು ಚಿಕ್ಕವು: ದಟ್ಟ ಹಾಸಿನಡಿ ಇಲಿ, ಗೊಂಡೆಹುಳುಗಳು ಸೇರಿಕೊಳ್ಳುತ್ತವೆ, ತೇವ ಹೆಚ್ಚಾದರೆ ಎಲೆಚುಕ್ಕೆ ರೋಗ ಬರುತ್ತದೆ, ರಸದಲ್ಲಿರುವ ಫಾಲ್ಕಾರಿನಾಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಹಣ್ಣು ವಿಷ, ಮಕ್ಕಳಿರುವ ಮನೆಯವರು ನೆನಪಿಡಬೇಕು.

ಇಂಟೆಲ್, ಮೈಕ್ರೋಸಾಫ್ಟ್, ಅಮೆಜಾನ್ ಕೆಲಸಕ್ಕೆಂದು ಪೋರ್ಟ್‌ಲೆಂಡ್, ಸಿಯಾಟಲ್ ಕಡೆ ಹೋಗಿ ಮನೆ ಕೊಂಡ ಕನ್ನಡ ಕುಟುಂಬಗಳು ಸಾಕಷ್ಟಿವೆ. ಹಳೆಯ ಮನೆಯಾದರೆ ಹಿತ್ತಲಿನ ಬೇಲಿಯಾಚೆಗೆ ಐವಿ ಹರಿದಿರುವ ಸಂಭವ ಹೆಚ್ಚು. ಅಂಥವರಿಗೆ ಇರುವ ಮೊದಲ ಕೆಲಸ ನೆಲದ್ದಲ್ಲ, ಮರದ್ದು. ಮಳೆಗಾಲದ ಮೆದು ಮಣ್ಣಿನ ದಿನ ಆರಿಸಿಕೊಂಡು, ಉದ್ದ ತೋಳಿನ ಅಂಗಿ, ಕೈಗವಸು ಹಾಕಿ ಮರದ ಹತ್ತಿರ ಹೋಗಿ. ಹಳೆಯ ಐವಿಯ ಕಾಂಡ ಕೈತೋಳಿನಷ್ಟು ದಪ್ಪವಾಗಿ, ಕಂದು ರೋಮದಂಥ ಬೇರಿನಿಂದ ಮುಚ್ಚಿಹೋಗಿರುತ್ತದೆ. ಅದನ್ನು ಭುಜದ ಎತ್ತರದಲ್ಲಿ ಒಮ್ಮೆ, ಪಾದದ ಹತ್ತಿರ ಒಮ್ಮೆ ಗರಗಸದಿಂದ ಕೊಯ್ದು, ನಡುವಿನ ತುಂಡನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕು. ತೊಗಟೆಗೆ ಗಾಯ ಮಾಡಬಾರದು. ಮೇಲಿನ ಬಳ್ಳಿಯನ್ನು ಎಳೆಯಲು ಹೋಗಬಾರದು. ಒಣಕೊಂಬೆ ತಲೆಯ ಮೇಲೆ ಬಿದ್ದೀತು. ಬೇರಿನ ನಂಟು ತಪ್ಪಿದ ಮೇಲೆ ಅದು ಅಲ್ಲೇ ಒಣಗಿ, ಕಂದಾಗಿ, ಕೆಲವು ವರ್ಷಗಳಲ್ಲಿ ತಾನಾಗಿ ಉದುರುತ್ತದೆ. ಬಳಿಕ ಬುಡದ ಸುತ್ತ ನಾಲ್ಕೈದು ಅಡಿ ಅಗಲ ನೆಲವನ್ನು ಪೂರ್ತಿ ಬಿಡಿಸಬೇಕು. ಪೋರ್ಟ್‌ಲೆಂಡಿನವರು ಇದನ್ನು ಮರಕ್ಕೆ ತೊಡಿಸಿದ ಜೀವರಕ್ಷಕ ಬಳೆ ಎಂದು ಕರೆಯುತ್ತಾರೆ. ಸಮಯವಿಲ್ಲದವರು ಇಷ್ಟನ್ನಾದರೂ ಮಾಡಿದರೆ ಬೀಜ ನಿಲ್ಲುತ್ತದೆ.

ನೆಲದ ಹಾಸು ಕೀಳುವುದು ನಿಧಾನದ ಕೆಲಸ. ಒಂದು ಹಂಬಿನ ತುದಿ ಹಿಡಿದು ಎಳೆದರೆ ಗೆಣ್ಣುಗೆಣ್ಣೂ ಪಟಪಟನೆ ಕಿತ್ತು, ಪ್ರತಿ ಗೆಣ್ಣೂ ಒಂದು ಚಿಟಿಕೆ ಕಪ್ಪು ಮಣ್ಣು ಹಿಡಿದು ಬರುತ್ತದೆ. ಅಡಿಯಲ್ಲಿ ಬೆಳಕು ಕಾಣದೆ ಬಿಳಚಿದ ಹಳೆಯ ಕಾಂಡಗಳ ಇನ್ನೊಂದು ಪದರ ಇರುತ್ತದೆ. ಅದನ್ನೂ ತೆಗೆಯದಿದ್ದರೆ ತಿಂಗಳೊಪ್ಪತ್ತಿನಲ್ಲಿ ಚಿಗುರು. ಕಳೆನಾಶಕ ಸಿಂಪಡಿಸಿದರೆ ಮೇಣದಂಥ ಎಲೆಯ ಮೇಲೆ ನಿಲ್ಲದೆ ಜಾರುತ್ತದೆ, ಕೈಯೇ ಮೇಲು. ಕಿತ್ತದ್ದನ್ನು ಕಾಡಂಚಿಗೆ ಎಸೆದರೆ ಅಲ್ಲೇ ಬೇರು ಬಿಡುತ್ತದೆ. ಕಾಡಿನಲ್ಲಿ ಕಾಣುವ ಎಷ್ಟೋ ಐವಿ ಹೀಗೆ ತೋಟದ ಕಸದಿಂದಲೇ ಬಂದದ್ದು. ಟಾರ್ಪಾಲಿನ ಮೇಲೆ ಹರಡಿ ಪೂರ್ತಿ ಒಣಗಿಸಿಯೇ ವಿಲೇವಾರಿ ಮಾಡಬೇಕು. ಎರಡು ಮೂರು ವರ್ಷ ಮತ್ತೆ ಮತ್ತೆ ಬಂದು ನೋಡಬೇಕು. ಖಾಲಿ ಬಿಟ್ಟ ನೆಲಕ್ಕೆ ಬ್ಲ್ಯಾಕ್‌ಬೆರಿಯ ಮುಳ್ಳು ನುಗ್ಗುವ ಮೊದಲೇ ಅಲ್ಲಿಯದೇ ಗಿಡ ನೆಡಬೇಕು: ನೆರಳಿಗೆ ಸೋರ್ಡ್ ಫರ್ನ್ ಎಂಬ ಎತ್ತರದ ಜರೀಗಿಡ, ಸಲಾಲ್, ಗಿಡ್ಡ ಆರೆಗನ್ ಗ್ರೇಪ್, ತೇವದ ಜಾಗಕ್ಕೆ ಕಾಡುಶುಂಠಿ, ಬಿಸಿಲಿಗೆ ಕಿನ್ನಿಕಿನ್ನಿಕ್. ವಿಂಕಾದ ಬಳ್ಳಿ ತಂದು ಹಾಕಿದರೆ ಒಂದನ್ನು ಕಳೆದು ಅಂಥದ್ದೇ ಇನ್ನೊಂದನ್ನು ತಂದಂತೆ.

ಕರ್ನಾಟಕದಲ್ಲಿ ಐವಿಯಿಂದ ಇಂಥ ಹೆದರಿಕೆ ಇಲ್ಲ. ನಮ್ಮ ಬೇಸಿಗೆ ಅದಕ್ಕೆ ಆಗದು. ಬೆಂಗಳೂರಿನಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳುವ ಬಾಲ್ಕನಿಯ ಕುಂಡದಲ್ಲಿ ಚೆನ್ನಾಗಿರುತ್ತದೆ, ಇಡಬಹುದು. ಆದರೆ ಅದೇ ಪ್ರಶ್ನೆ ನಮ್ಮಲ್ಲಿ ಬೇರೆ ಗಿಡದ ರೂಪದಲ್ಲಿದೆ. ಬಡಾವಣೆಯ ಪಾರ್ಕು, ರಸ್ತೆಯ ಡಿವೈಡರ್, ಅಪಾರ್ಟ್‌ಮೆಂಟಿನ ಕಾಂಪೌಂಡುಗಳಲ್ಲಿ ಹಳದಿ ಹೂವಿನ ವೆಡೇಲಿಯಾ ಹಾಸುತ್ತಾರೆ. ಮಧ್ಯ ಅಮೆರಿಕ ಮೂಲದ ಈ ಗಿಡ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ತಜ್ಞರ ಗುಂಪು ಪಟ್ಟಿ ಮಾಡಿದ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳಲ್ಲಿ ಒಂದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ನೆಲ ನುಂಗಿದ ಲಂಟಾನವೂ ಅದೇ ಪಟ್ಟಿಯಲ್ಲಿದೆ. ಅದೂ ಅಲಂಕಾರಕ್ಕೆಂದೇ ಭಾರತಕ್ಕೆ ಬಂದದ್ದು. ನಮಗೆ ಬೇಕಾದ ಗಿಡ ಬೇರೆಡೆ ಉಪದ್ರವವಾದದ್ದೂ ಉಂಟು: ಚಪ್ಪರಕ್ಕೆ ಹಬ್ಬಿಸಿ ಪಲ್ಯ ಮಾಡುವ ತೊಂಡೆ ಹವಾಯಿ ದ್ವೀಪಗಳಲ್ಲಿ ಮರಗಳನ್ನು ಕವಿದು, ಅಲ್ಲಿನ ಸರ್ಕಾರದ ಉಪದ್ರವಿ ಕಳೆಗಳ ಪಟ್ಟಿ ಸೇರಿದೆ.

ವೆಡೇಲಿಯಾ ಐವಿಗಿಂತ ಒಂದು ವಿಷಯದಲ್ಲಿ ಕಷ್ಟದ್ದು. ಅದಕ್ಕೆ ಹತ್ತಲು ಮರ ಬೇಕಿಲ್ಲ. ನೆಲದಲ್ಲೇ ಹೂ ಬಿಡುತ್ತದೆ, ತುಂಡಾದ ಪ್ರತಿ ಗೆಣ್ಣೂ ಹೊಸ ಗಿಡ. ಹೀಗಾಗಿ ಇಲ್ಲಿ ಕಾಯಬೇಕಾದದ್ದು ಕಸದ ದಾರಿಯನ್ನು. ಪಾರ್ಕಿನಲ್ಲಿ ಸವರಿದ ಬಳ್ಳಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಕೆರೆಯಂಚಿಗೆ ಸುರಿದರೆ ಮುಂದಿನ ಮಳೆಗಾಲಕ್ಕೆ ಕೆರೆಯಂಚು ಅದರದೇ. ಕರಾವಳಿ, ಮಲೆನಾಡಿನಲ್ಲಿ ತೋಡಿನ ಬದಿ ಹಿಡಿದು ಅದು ಗದ್ದೆಯತ್ತ ಹೋಗುವುದನ್ನು ನೋಡುತ್ತಿದ್ದೇವೆ. ಈಗಾಗಲೇ ಇರುವ ಕಡೆ ಕಲ್ಲಿನ ಅಂಚು ಕಟ್ಟಿ, ಸವರಿದ್ದನ್ನು ಸಿಮೆಂಟು ನೆಲದ ಮೇಲೆ ಒಣಗಿಸಿ ಆಮೇಲೆ ಗೊಬ್ಬರಗುಂಡಿಗೆ ಹಾಕಬೇಕು. ಹೊಸದಾಗಿ ನೆಲ ಮುಚ್ಚಬೇಕೆನ್ನುವವರಿಗೆ, ತೇವವಿದ್ದು ಅರೆನೆರಳಿರುವ ಕಡೆ ಒಂದೆಲಗ ಹಾಕಬಹುದು. ಹಂಬು ಬಿಟ್ಟು ಹಬ್ಬುತ್ತದೆ, ತಂಬುಳಿಗೂ ಆಗುತ್ತದೆ. ತೆಂಗು, ಅಡಿಕೆಯ ನೆರಳಿಗೆ ಹಿಪ್ಪಲಿ ಒಳ್ಳೆಯದು, ಅದರ ಹೃದಯಾಕಾರದ ಎಲೆ ವರ್ಷವಿಡೀ ಹಸಿರಾಗಿರುತ್ತದೆ. ಎರಡನ್ನೂ ಒಂದಡಿಗೊಂದರಂತೆ ಜೂನ್ ಮಳೆ ಹಿಡಿದ ಮೇಲೆ ನೆಟ್ಟರೆ, ದಸರೆಯ ಹೊತ್ತಿಗೆ ನೆಲ ಹಿಡಿದಿರುತ್ತವೆ. ಮೊದಲ ಬೇಸಿಗೆಗೆ ಮಾತ್ರ ನೀರು ತಪ್ಪಿಸಬಾರದು.